ಹುಲ್ಲಿನಾಳದ ರಷ್ಯಾ ಟ್ರ್ಯಾಕ್ಟರ್

2025ರ ಜನವರಿ 20, ಸೋಮವಾರ. ಬಸವನ ಬಾಗೇವಾಡಿ ಪೊಲೀಸ್ ಠಾಣೆಯ ಮುಂದೆ ಬೆಳಿಗ್ಗೆಯೇ ಎರಡು ಕ್ರೂಸರ್ ಗಾಡಿಗಳು ಬಂದು ನಿಂತವು. ಇಳಿದ ಗಂಡಸರೆಲ್ಲ ಹುಲ್ಲಿನಾಳದವರು. ಮುಂದೆ ಬಂದವನು ಗ್ರಾಮ ಪಂಚಾಯಿತಿ ಸದಸ್ಯ ಕಾಂತು. ನಲವತ್ತೈದರ ಆಸುಪಾಸಿನ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ಫಿರ್ಯಾದಿ ಬರೆಸಲು ಹೆಡ್ ಕಾನ್‌ಸ್ಟೆಬಲ್ ಆರಿಫ ಅವರ ಮೇಜಿನ ಎದುರು ಕುಳಿತ.

“ಏನ್ ಕಳುವಾಗೇತಿ?”

“ರಷ್ಯಾ ಟ್ರ್ಯಾಕ್ಟರ್ ರಿ.”

“ಗಾಡಿ ನಂಬರ್?”

“ನಂಬರ್ ಅಳಿಸಿ ಹೋಗಿ ಎಷ್ಟೋ ವರ್ಷ ಆತ್ರಿ. ಎಪ್ಪತ್ತೊಂದನೇ ಇಸ್ವಿ ಗಾಡಿ ಅದು.”

“ಓಡ್ತಿತ್ತೇನು?”

“ಇಲ್ರಿ. ಮೊದಲೆಲ್ಲ ದಸರಾ ಖಂಡೇಪೂಜಿಗೆ ವರ್ಷಕ್ಕೊಮ್ಮೆ ಚಾಲೂ ಮಾಡ್ತಿದ್ವಿ. ಈಗ ಭಾಳ ವರ್ಷ ಆತು, ನಿಂತಲ್ಲೇ ಪೂಜಿ ಮಾಡ್ತೇವಿ.”

ಆರಿಫ ಪೆನ್ನು ಕೆಳಗಿಟ್ಟರು. “ಓಡದ ಟ್ರ್ಯಾಕ್ಟರ್ ಯಾರ್ ಒಯ್ತಾರ? ಗುಜರಿಗೇನು?”

ಕಾಂತುವಿನ ದನಿ ಏರಿತು. “ನಿಮಗ ಅದು ಗುಜರಿ ಇರಬಹುದ್ರಿ. ಅದರ ಗಾಲಿ ಕೆಳಗ ನಮ್ಮ ದೊಡ್ಡಪ್ಪ ಪರಸಪ್ಪ ಜೀವಾ ಬಿಟ್ಟಾನ. ಬರೂ ರವಿವಾರ, ಇಪ್ಪತ್ತಾರಕ್ಕ, ಅದನ್ನ ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲೆ ನಿಲ್ಲಿಸಿ ಸ್ಮಾರಕ ಮಾಡಾವ್ರಿದ್ವಿ. ಅದನ್ನ ತಡದವ ಯಾರು ಅಂತ ನಮಗ ಗೊತ್ತೈತಿ. ಅಮೆರಿಕಾ ಓಣಿ ನಿಯಾಜ. ಬರಕೋರ್ರಿ.”

ಒಳಗಿನ ಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಮಾಳಿಂಗರಾಯ ಹೊರಗೆ ಬಂದರು. ಅವರು ಇಂಡಿ ಕಡೆಯವರು, ಈ ಠಾಣೆಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. “ಅಮೆರಿಕಾ ಓಣಿ ಅಂದ್ರ?” ಎಂದು ಕೇಳಿದರು. ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಗೊತ್ತಿಲ್ಲದ ಸಾಹೇಬನನ್ನು ಅವರು ಅದೇ ಮೊದಲು ನೋಡುತ್ತಿದ್ದರು.

ಹುಲ್ಲಿನಾಳ ಇಂಗಳೇಶ್ವರ ದಾಟಿ ಸ್ವಲ್ಪ ದೂರದಲ್ಲಿರುವ ಎರೆಮಣ್ಣಿನ ಊರು. ಅಲ್ಲಿ ದೊಡ್ಡ ಓಣಿಗಳು ಎರಡೇ. ಒಂದರ ಹೆಸರು ರಷ್ಯಾ, ಇನ್ನೊಂದರ ಹೆಸರು ಅಮೆರಿಕಾ. ಎರಡರಲ್ಲೂ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ. ಜಗಳ ಆ ಬಾಬತ್ತಿನದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲೋಕಕ್ಕೆ ಇಬ್ಬರು ಗೌಡರಾದರು. ಭೂಮಿ ದುಡಿಯುವ ಎಲ್ಲರದು ಎಂದು ಒಬ್ಬ ಹೇಳಿದ, ಕೊಂಡವನದು ಎಂದು ಇನ್ನೊಬ್ಬ ಹೇಳಿದ. ಇಬ್ಬರ ಮನೆಯಲ್ಲೂ ಲೋಕವನ್ನೇ ಸುಡುವಷ್ಟು ಬಾಂಬುಗಳಿದ್ದವು, ಎಸೆಯಲು ಇಬ್ಬರಿಗೂ ಅಂಜಿಕೆ. ಹಾಗಾಗಿ ನಮ್ಮಂಥ ಬಡ ದೇಶಗಳ ಮೇಲೆ ಗೋದಿ ಎಸೆದರು, ಹಾಲಿನ ಪುಡಿ ಎಸೆದರು, ಟ್ರ್ಯಾಕ್ಟರ್ ಎಸೆದರು, ಬಣ್ಣದ ಪತ್ರಿಕೆ ಎಸೆದರು. ಹುಲ್ಲಿನಾಳದ ಮಕ್ಕಳು ಅಮೆರಿಕದ ಹಾಲಿನ ಪುಡಿ ಕುಡಿದು, ರಷ್ಯಾದ ಪತ್ರಿಕೆಯ ನುಣುಪು ಹಾಳೆಯನ್ನು ಪುಸ್ತಕಕ್ಕೆ ಹೊದಿಸಿಕೊಂಡು ಶಾಲೆ ಕಲಿತವು.

ಮೇಲಿನ ಓಣಿಯ ಜಮೀನ್ದಾರ ಅಮೆರಿಕದ ಟ್ರ್ಯಾಕ್ಟರ್ ತಂದ. ಕೆಳಗಿನ ಓಣಿಯವರು ತಮ್ಮ ಹೊಲಗಳನ್ನೆಲ್ಲ ಕೂಡಿಸಿ, ಸಾಮೂಹಿಕ ಬೇಸಾಯ ಸಂಘ ಕಟ್ಟಿ, ರಷ್ಯಾದ ಟ್ರ್ಯಾಕ್ಟರ್ ತಂದರು. ಅದಕ್ಕೂ ಮೊದಲು, ಅಮೆರಿಕದವರು ಚಂದ್ರನ ಮೇಲಿಳಿದ ದಿನ ಮೇಲಿನ ಓಣಿ ಪೇಢೆ ಹಂಚಿತ್ತು. ಕೆಳಗಿನ ಓಣಿ ಪೇಢೆ ತಿಂದು ಸುದ್ದಿಯನ್ನು ಮಾತ್ರ ನಂಬಿರಲಿಲ್ಲ. ಚಹಾದಂಗಡಿಯಲ್ಲಿ ಒಬ್ಬರನ್ನೊಬ್ಬರು ಕಾಡಿಸಲು ಅದೊಂದು ಒಳ್ಳೆ ನೆಪವಾಗಿತ್ತು.

ನಗುವಂಥದ್ದು ಅಲ್ಲಿಗೆ ಮುಗಿಯಿತು. 1974ರ ಬಿತ್ತನೆಯ ಹೊತ್ತಿನಲ್ಲಿ ಸಂಘದ ಪರಸಪ್ಪ ಎಂಬ ಯುವಕ ರಷ್ಯಾ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಸತ್ತ. ಜಮೀನ್ದಾರನ ಟ್ರ್ಯಾಕ್ಟರ್ ಡ್ರೈವರ್ ರಾಜೇಸಾಬ ಗಾಡಿಗೆ ಏನೋ ಮಾಡಿಟ್ಟಿದ್ದಾನೆಂದು ಸಂಘದವರು ಕೇಸು ಹಾಕಿಸಿದರು. ನಾಲ್ಕು ವರ್ಷ ನಡೆದು ಸಾಕ್ಷಿಯಿಲ್ಲದೆ ಬಿದ್ದುಹೋಯಿತು. ಕೋರ್ಟು ಬಿಟ್ಟರೂ ರಷ್ಯಾ ಓಣಿ ಬಿಡಲಿಲ್ಲ. ಎರಡು ಓಣಿಗಳ ನಡುವೆ ಹೆಣ್ಣು ಕೊಡುವುದು, ತರುವುದು ನಿಂತಿತು. ಮುಂದೆ ಸೋವಿಯತ್ ಒಕ್ಕೂಟವೇ ಒಡೆದು ಚೂರಾಯಿತು, ಸಂಘ ಮುಳುಗಿತು, ಜಮೀನ್ದಾರನ ಮಕ್ಕಳು ಊರು ಬಿಟ್ಟರು. ಓಣಿಗಳು ಮಾತ್ರ ಹಾಗೇ ಉಳಿದವು. ಐವತ್ತು ವರ್ಷದಲ್ಲಿ ಮೊದಲ ಸಲ ಈಗೊಂದು ಸಂಬಂಧ ಕುದುರಿತ್ತು: ರಾಜೇಸಾಬನ ಮೊಮ್ಮಗಳು ಬುಶ್ರಾಳನ್ನು ರಷ್ಯಾ ಓಣಿಯ ಆಸಿಫನಿಗೆ ಕೊಡುವುದೆಂದು. ನಿಕಾಹ್ ಫೆಬ್ರುವರಿ 9ಕ್ಕೆ ಗೊತ್ತಾಗಿತ್ತು. ಕಾಂತು ಹೆಸರು ಹೇಳಿದ ನಿಯಾಜ ಆ ಬುಶ್ರಾಳ ಅಣ್ಣ.

ಎಫ್‌ಐಆರ್ ದಾಖಲಾಯಿತು. ಸಂಶಯಿತನ ಜಾಗದಲ್ಲಿ ನಿಯಾಜನ ಹೆಸರು ಬಿತ್ತು.

ಮಧ್ಯಾಹ್ನ ಇನ್ಸ್‌ಪೆಕ್ಟರ್, ಆರಿಫ ಮತ್ತು ಮಹಿಳಾ ಕಾನ್‌ಸ್ಟೆಬಲ್ ಮಾಲಾ ಹುಲ್ಲಿನಾಳಕ್ಕೆ ಹೋದರು. ಬಸ್‌ಸ್ಟ್ಯಾಂಡಿನಲ್ಲಿ ಹೊಸದಾಗಿ ಕಟ್ಟಿದ ಕಟ್ಟೆ, ಅದರ ಮುಂದೆ ಗೋಣಿತಟ್ಟು ಹೊದಿಸಿದ ಕಲ್ಲು. ಇನ್ಸ್‌ಪೆಕ್ಟರ್ ತಟ್ಟು ಸರಿಸಿ ಓದಿದರು: ‘ಅಮೆರಿಕದ ದಲ್ಲಾಳಿಗಳ ಸಂಚಿಗೆ ಬಲಿಯಾದ ರೈತ ಹುತಾತ್ಮ ಪರಸಪ್ಪ.’

“ದಲ್ಲಾಳಿ ಅಂದ್ರ ರಾಜೇಸಾಬ ಏನು? ಹೆಸರು ಬರದಿಲ್ಲಲ್ಲ.”

“ಬರಿಯೂದು ಬ್ಯಾಡ್ರಿ, ಊರಿಗೆ ಗೊತ್ತೈತಿ,” ಎಂದ ಕಾಂತು. “ಇದು ಚುಚ್ಚೇತಿ ಅದಕ್ಕ ನಿಯಾಜ ಟ್ರ್ಯಾಕ್ಟರ್ ಒಯ್ದಾನ. ಅವನ ಕಡೆ ಜೆಸಿಬಿ ಐತಿ. ಕೊಂಡಿ ಹಾಕಿ ಎಳದಾನ.”

ರಷ್ಯಾ ಓಣಿಯ ತುದಿಯಲ್ಲಿ ತಗಡಿನ ಶೆಡ್ಡು. ಎದುರಿಗೆ ಒಂದು ಸಣ್ಣ ಮನೆ, ಅದರ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. “ನಮ್ಮ ದೊಡ್ಡವ್ವ ಇಂದ್ರಾಬಾಯಿ, ಪರಸಪ್ಪ ದೊಡ್ಡಪ್ಪನ ಹೆಂಡತಿ,” ಎಂದು ಕಾಂತು ನಡೆಯುತ್ತಲೇ ಹೇಳಿದ. ಇನ್ಸ್‌ಪೆಕ್ಟರ್ ಕೈ ಮುಗಿದು ಶೆಡ್ಡಿನೊಳಗೆ ಹೋದರು. ಅಜ್ಜಿ ಮೊರ ನಿಲ್ಲಿಸಿ ನೋಡಿದರು, ಮತ್ತೆ ಕೇರತೊಡಗಿದರು.

ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಬಾಗಿಲ ಕೀಲಿ ಮುರಿದಿರಲಿಲ್ಲ. ಚಿಲಕಕ್ಕೆ ಎಂದೂ ಕೀಲಿ ಇರಲೇ ಇಲ್ಲ. ನೆಲದ ಒಂದು ಮೂಲೆ ಕೆಂಪಾಗಿತ್ತು. ಆರಿಫ ಬಗ್ಗಿ, “ರಕ್ತ ಇದ್ದಂಗೈತ್ರಿ ಸರ್,” ಎಂದರು. ಇನ್ಸ್‌ಪೆಕ್ಟರ್ ಬೆರಳಿಗೆ ಹಚ್ಚಿಕೊಂಡು ಮೂಸಿದರು. ಕುಂಕುಮ, ಅರಿಷಿಣ. ಯಾರೋ ನೀರು ಸುರಿದು ಏನನ್ನೋ ತಿಕ್ಕಿ ತೊಳೆದಿದ್ದರು.

“ಇಲ್ಲಿ ಏನಿತ್ತು?”

“ಎಡಗಡೆ ದೊಡ್ಡ ಗಾಲಿ ರಿ,” ಎಂದ ಕಾಂತು. “ದೊಡ್ಡಪ್ಪ ಸತ್ತದ್ದು ಆ ಗಾಲಿಗೇ. ವರ್ಷಾ ಪೂಜಿ ಮಾಡ್ತೇವಿ.”

ಕದಿಯುವವನು ಒಂದೇ ಗಾಲಿ ಯಾಕೆ ತೊಳೆಯುತ್ತಾನೆ? ಇನ್ಸ್‌ಪೆಕ್ಟರಿಗೆ ಇದು ಅರ್ಥವಾಗಲಿಲ್ಲ. ಗಾಲಿ ಎಳೆದ ಗುರುತೂ ಇರಲಿಲ್ಲ. ಉರುಳಿದ ಗುರುತಿತ್ತು, ಸಿಮೆಂಟ್ ರಸ್ತೆಗೆ ಬರುತ್ತಲೇ ಅದೂ ಅಳಿಸಿತ್ತು.

ಓಣಿಯ ಗಂಡಸರ ಹೇಳಿಕೆ ತೆಗೆದುಕೊಂಡರು. ಎಲ್ಲರದೂ ಒಂದೇ ಮಾತು. ರವಿವಾರ ಇಂಗಳೇಶ್ವರದ ಮೈದಾನದಲ್ಲಿ ಕ್ರಿಕೆಟ್ ಇತ್ತು. ರಷ್ಯಾ ಓಣಿಗೂ ಅಮೆರಿಕಾ ಓಣಿಗೂ ಫೈನಲ್. ಊರಿಗೆ ಊರೇ ಹೋಗಿತ್ತು. ಸಂಜೆ ಬಂದು ನೋಡಿದರೆ ಶೆಡ್ಡು ಖಾಲಿ.

ಹೇಳಿಕೆ ಕೊಟ್ಟವರಲ್ಲಿ ಆಸಿಫನ ಅಜ್ಜ ಬಾಬುಲಾಲರೂ ಇದ್ದರು. ಎಪ್ಪತ್ತು ದಾಟಿದ, ಸಣಕಲು ಮೈಯ, ಮೃದು ಮಾತಿನ ಮನುಷ್ಯ. ಪರಸಪ್ಪ ಸತ್ತ ಮೇಲೆ ಸಂಘ ಮುಳುಗುವವರೆಗೂ ಅದೇ ಟ್ರ್ಯಾಕ್ಟರಿನ ಡ್ರೈವರ್ ಆಗಿದ್ದವರು. ಸ್ಮಾರಕದ ದಿನ ಅವರಿಗೆ ಶಾಲು ಹೊದಿಸುವುದೆಂದು ಗೊತ್ತಾಗಿತ್ತು.

“ನಿಯಾಜ ಅಲ್ರಿ ಸಾಹೇಬ್ರ,” ಎಂದರು. “ಅವ ಮಾಡಿಲ್ಲ. ನನಗ ಗೊತ್ತೈತಿ.”

“ಬೀಗರ ಹುಡುಗನ ಪರ ಹಿಡ್ಯಾಕತ್ತೀರೇನು ಮುತ್ಯಾ?” ಎಂದು ಆರಿಫ ನಕ್ಕರು. ಸುತ್ತ ನಿಂತವರೂ ನಕ್ಕರು. ಬಾಬುಲಾಲ ಏನೋ ಹೇಳ ಹೊರಟವರು ಸುಮ್ಮನಾದರು. ಆರಿಫ ಮುಂದಿನವನನ್ನು ಕರೆದರು.

ಮರುದಿನ, ಮಂಗಳವಾರ, ನಿಯಾಜನನ್ನು ಠಾಣೆಗೆ ಕರೆಸಿದರು. ಮೂವತ್ತರ ಹುಡುಗ, ಮುಂಗೈಗೆ ಗ್ರೀಸು ಹತ್ತಿತ್ತು. ಅವನ ತಾಯಿ ಮೆಹರುನ್ನಿಸಾ ಕರೆಯದೇ ಜೊತೆಗೆ ಬಂದು ಗೋಡೆಗೆ ಒರಗಿ ನಿಂತಿದ್ದರು.

“ರವಿವಾರ ಎಲ್ಲಿದ್ದಿ?”

“ಮುದ್ದೇಬಿಹಾಳ ಕಡೆ, ಕಾಲುವಿ ಕೆಲಸಕ್ಕ.”

“ಜೆಸಿಬಿ?”

“ನನ್ನ ಕೂಡ ಇತ್ರಿ. ಶನಿವಾರನ ಒಯ್ದೇನಿ.”

“ಆ ಕಟ್ಟಿಯ ಬುನಾದಿ ತಗ್ಗು ತಗದವ ನೀನ ಅಲ್ಲೇನು? ಅದರ ಮ್ಯಾಲೆ ಏನ್ ನಿಲ್ಲತೈತಿ ಅಂತ ಗೊತ್ತಿತ್ತಿಲ್ಲೊ?”

“ಗೊತ್ತಿತ್ರಿ. ಕೂಲಿ ಕೊಟ್ಟಾರ, ಮಾಡೇನಿ. ಕಲ್ಲು ಓದಿದ ಮ್ಯಾಲೆ ಮನ್ಯಾಗ ಉಣ್ಣಾಕ ಆಗಲಿಲ್ಲ, ಅದು ಖರೆ.”

“ಸಿಟ್ಟು ಬಂತು.”

“ಬಂತ್ರಿ. ಆದ್ರ ತಂಗಿ ಮದವಿ ಐತಿ. ಸಿಟ್ಟು ನುಂಗಿದೆ.” ನಿಯಾಜ ತಾಯಿಯ ಕಡೆ ನೋಡಿದ. “ಸಾಹೇಬ್ರ, ನಮ್ಮ ದಾದಾ ರಾಜೇಸಾಬ ನಾಲ್ಕು ವರ್ಷ ಕೋರ್ಟಿಗೆ ಅಡ್ಡಾಡಿದ. ಬಿಟ್ಟರು. ಹ್ಯಾಂಗ ಬಿಟ್ಟರು? ಸಾಕ್ಷಿ ಇಲ್ಲ ಅಂತ. ಇಂವ ಮಾಡಿಲ್ಲ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಸಾಯೂತನಾ ಅವಗ ಕೊಲೆಗಾರ ಅಂದ್ರು. ನನಗ ಹಂಗ ಮಾಡಬ್ಯಾಡ್ರಿ. ನಾ ಮಾಡಿದ್ರ ಒಳಗ ಹಾಕ್ರಿ. ಮಾಡಿಲ್ಲಂದ್ರ ಊರ ಮುಂದ ನಿಂತು ಹೇಳ್ರಿ.”

ಮೆಹರುನ್ನಿಸಾ ಆಗ ಬಾಯಿ ತೆರೆದರು. “ನಿನ್ನಿ ಸಂಜಿಮುಂದ ರಷ್ಯಾ ಓಣಿ ಹಿರ್‍ಯಾರು ಹೇಳಿ ಕಳಿಸ್ಯಾರ್ರಿ. ಕಳ್ಳರ ಮನಿ ಹೆಣ್ಣು ಬ್ಯಾಡ ಅಂತ. ಶುಕ್ರವಾರದೊಳಗ ಗೊತ್ತಾಗಲಿಲ್ಲಂದ್ರ ಮಾತು ಮುರಿದಂಗ. ಹುಡುಗಿ ನಿನ್ನಿಯಿಂದ ಕ್ವಾಣಿ ಬಿಟ್ಟು ಹೊರಗ ಬಂದಿಲ್ಲ.”

ಇನ್ಸ್‌ಪೆಕ್ಟರ್ ಏನೂ ಆಶ್ವಾಸನೆ ಕೊಡಲಿಲ್ಲ. ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಅವರಿಬ್ಬರು ಹೋದ ಮೇಲೆ ಬಹಳ ಹೊತ್ತು ಫೈಲು ತೆರೆದುಕೊಂಡು ಕುಳಿತರು. ಎಫ್‌ಐಆರ್‌ನಲ್ಲಿ ಆ ಹುಡುಗನ ಹೆಸರು ಬರೆಯುವಾಗ ಯಾರಿಗೂ ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ಅಳಿಸುವುದಕ್ಕೆ ಈಗ ಇಡೀ ಠಾಣೆ ಓಡಬೇಕಾಗಿತ್ತು.

ಓಡಿದರು. ಒಬ್ಬ ಕಾನ್‌ಸ್ಟೆಬಲ್ ಮುದ್ದೇಬಿಹಾಳಕ್ಕೆ ಹೋಗಿ ಕಾಲುವೆಯ ಗುತ್ತಿಗೆದಾರನನ್ನು ವಿಚಾರಿಸಿ, ಡೀಸೆಲ್ ಬಂಕಿನ ಕ್ಯಾಮೆರಾ ನೋಡಿ ಬಂದ. ರವಿವಾರ ಇಡೀ ದಿನ ಜೆಸಿಬಿ ಅಲ್ಲೇ ಇತ್ತು. ಆರಿಫ ಸಿಂದಗಿ, ಇಂಡಿಯ ಗುಜರಿ ಅಂಗಡಿಗಳನ್ನು ಸುತ್ತಿದರು. ಯಾವ ಹಳೆ ಟ್ರ್ಯಾಕ್ಟರೂ ಬಂದಿರಲಿಲ್ಲ. ಕಾಂತುವಿಗೆ ಇದನ್ನು ಹೇಳಿದಾಗ, “ಅವನ ದೋಸ್ತರು ಮಾಡ್ಯಾರ ಬಿಡ್ರಿ,” ಎಂದ. ನಿರ್ಧಾರ ಮೊದಲು, ಪುರಾವೆ ಆಮೇಲೆ. ಆ ಓಣಿ ಐವತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಬುಧವಾರ ಮಧ್ಯಾಹ್ನ ಇಂಗಳೇಶ್ವರ ಕಡೆಯ ಒಬ್ಬ ಕುರಿಗಾರನ ಫೋನು ಬಂತು. ಹುಲ್ಲಿನಾಳದಲ್ಲಿ ಕಲ್ಲು ತೆಗೆದು ಬಿಟ್ಟ ಹಳೆ ಖಣಿಯಲ್ಲಿ ಕುರಿಗಳು ನೀರಿಗೆ ಬಾಯಿ ಹಚ್ಚುತ್ತಿಲ್ಲ, ನೀರಿಗೆ ಎಣ್ಣೆ ವಾಸನೆ ಬರುತ್ತಿದೆ ಎಂದ. ಪೊಲೀಸರು ಹೋಗಿ ನೋಡಿದಾಗ ನೀರಿನ ಮೇಲೆ ಡೀಸೆಲಿನ ಬಣ್ಣಬಣ್ಣದ ಪರೆ ಕಟ್ಟಿತ್ತು. ಬಾಗೇವಾಡಿಯಿಂದ ಕ್ರೇನು ತರಿಸಿದರು. ಎರಡೂ ಓಣಿಗಳು ಖಣಿಯ ಎರಡು ದಂಡೆಯ ಮೇಲೆ ನೆರೆದವು. ಟ್ರ್ಯಾಕ್ಟರ್ ಮೇಲೆ ಬಂದಾಗ ಕಾಂತು ತಲೆಯ ಟೋಪಿ ತೆಗೆದ.

ಮೆಕ್ಯಾನಿಕ್ ಸಂಗು ಪಂಚರ ಮುಂದೆ ಗಾಡಿ ಪರೀಕ್ಷಿಸಿದ. “ಇದನ್ನ ಯಾರೂ ಎಳಕೊಂಡು ಬಂದಿಲ್ರಿ. ಗೇರಿನ್ಯಾಗ ಐತಿ. ಚಾಲೂ ಮಾಡಿ, ನಡಿಸಿಕೊಂಡು ಬಂದು ಬಿಟ್ಟಾರ.”

“ಬ್ಯಾಟರಿ ಇಲ್ಲದ ಗಾಡಿ ಹ್ಯಾಂಗ ಚಾಲೂ ಆತು?”

“ಇದರ ಬಗಲಾಗ ಒಂದು ಮರಿ ಇಂಜಿನ್ ಇರತೈತಿ ನೋಡ್ರಿ, ಪೆಟ್ರೋಲಿಂದು. ಹಗ್ಗ ಸುತ್ತಿ ಎಳದ್ರ ಅದು ಹತ್ತತೈತಿ. ಅದು ದೊಡ್ಡ ಇಂಜಿನ್ ತಿರುವತೈತಿ. ನಾ ಕೇಳಿದ್ದೆ, ಕಂಡಿರಲಿಲ್ಲ. ನನಗಂತೂ ಬರಂಗಿಲ್ರಿ.”

ಸ್ಟಿಯರಿಂಗ್ ಚಕ್ರ ತಿರುಗದಂತೆ ಒಂದು ಬಟ್ಟೆಯಿಂದ ಬಿಗಿದು ಕಟ್ಟಿದ್ದರು. ಇಳಿಜಾರಿನಲ್ಲಿ ಗಾಡಿ ನೇರವಾಗಿ ನೀರಿಗೆ ಹೋಗಲೆಂದು. ಆರಿಫ ಅದನ್ನು ಬಿಚ್ಚಿ ಜಪ್ತಿ ಮಾಡಿ ಲಕೋಟೆಗೆ ಹಾಕುವಾಗ ಮಾಲಾ ಕೈ ಅಡ್ಡ ಹಿಡಿದಳು.

“ಇದು ಇಳಕಲ್ ಸೀರಿ ಅಂಚು ರಿ ಸರ್. ಹೆಂಗಸಿನ ಹಳೆ ಸೀರಿ. ಗಂಡಸರಾದ್ರ ಹಗ್ಗಾ ತರ್ತಿದ್ರು.”

“ಮುಂದ ಹೇಳು.”

ಮಾಲಾ ದನಿ ತಗ್ಗಿಸಿದಳು. “ಕುಂಕುಮ ತೊಳದದ್ದೂ ಹೆಂಗಸ ಇರಬೇಕ್ರಿ. ಶೆಡ್ಡಿನ ಎದುರು ಮನಿ ಆಯಿ ಅದಾರಲ್ಲ, ಇಂದ್ರಾಬಾಯಿ. ಅವರು ಮ್ಯಾಚಿಗೆ ಹೋಗಿರಾಕಿಲ್ಲ. ಅವರದು ನಾವು ಹೇಳಿಕೆ ತಗೊಂಡಿಲ್ರಿ.”

ಇನ್ಸ್‌ಪೆಕ್ಟರ್ ಜೀಪಿನಲ್ಲಿ ಕುಳಿತು ಫೈಲು ತಿರುವಿದರು. ಓಣಿಯ ಗಂಡಸರೆಲ್ಲರ ಹೇಳಿಕೆಯೂ ಇತ್ತು, ಮೈದಾನದಲ್ಲಿ ಅಂಪೈರ್ ಆಗಿದ್ದವನದೂ ಇತ್ತು. ಶೆಡ್ಡಿನ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದ ಒಬ್ಬರೇ ಒಬ್ಬರದ್ದು ಇರಲಿಲ್ಲ. ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

“ನಾಳೆ ಮುಂಜಾನೆ ನೀನ ಕೇಳು,” ಎಂದರು ಮಾಲಾಳಿಗೆ. “ನಾ ಬಾಜೂ ಕುಂಡ್ರತೇನಿ.”

ಜನವರಿ 23, ಗುರುವಾರ. ಇನ್ಸ್‌ಪೆಕ್ಟರ್, ಮಾಲಾ, ಆರಿಫ ಮೂವರೂ ಬಂದದ್ದನ್ನು ನೋಡಿ ಇಂದ್ರಾಬಾಯಿ ಕಟ್ಟೆಯ ಮೇಲೆ ಕಂಬಳಿ ಹಾಸಿದರು. ಚಹಾ ಮಾಡಲು ಏಳುತ್ತಿದ್ದವರನ್ನು ಮಾಲಾ ಕೈ ಹಿಡಿದು ಕೂರಿಸಿದಳು.

“ಆಯಿ, ರವಿವಾರ ಮಧ್ಯಾಹ್ನ ನೀವು ಮನ್ಯಾಗ ಇದ್ರೇನು?”

“ಇದ್ದೆ.”

“ಟ್ರ್ಯಾಕ್ಟರ್ ಒಯ್ದವರನ್ನ ನೋಡಿದ್ರೇನು?”

“ನಾನ ಒಯ್ದೆನವ್ವಾ.”

ಇನ್ಸ್‌ಪೆಕ್ಟರ್ ತಲೆ ಎತ್ತಿದರು. ಮಾಲಾ ದನಿ ಬದಲಿಸಲಿಲ್ಲ. “ಮತ್ತ ಯಾಕ ಹೇಳಲಿಲ್ಲ ಆಯಿ?”

“ಯಾರು ಕೇಳಿದ್ರು? ಸೋಮವಾರ ಬಂದಿದ್ರಿ. ಇಲ್ಲೇ ಕುಂತಿದ್ದೆ.”

ಆರಿಫ ಬರೆಯುವುದನ್ನು ನಿಲ್ಲಿಸಿ ನೆಲ ನೋಡಿದರು.

“ಗಾಲಿ ತೊಳದವ್ರೂ ನೀವೇನು?”

“ಹೂಂ. ಮದಲ ಅದನ್ನ ತೊಳದೆ.” ಇಂದ್ರಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಅವ ಸತ್ತಾಗ ನನಗ ಹತ್ತೊಂಬತ್ತು. ಹೆಣಾ ಮನಿಗೆ ತರೂದ್ರೊಳಗ ನನ್ನ ಹಣಿ ಒರಿಸಿದರು. ಅದ ವರ್ಷ ಖಂಡೇಪೂಜಿಗೆ ಆ ಗಾಲಿಗೆ ಅರಿಷಿಣ ಕುಂಕುಮ ಹಚ್ಚಿದರು. ಹುತಾತ್ಮನ ಗಾಲಿ ಅಂತ. ನಾ ಬಾಗಲಾ ತಗದ್ರ ಅದ ಕಾಣತಿತ್ತು. ನನಗ ಹಚ್ಚಬಾರದ್ದು, ಅವನ್ನ ತಿಂದ ಗಾಲಿಗೆ ಹಚ್ಚತಿದ್ರು. ವರ್ಷಾ ಹಚ್ಚತಿದ್ರು. ಹಚ್ಚಿದವ್ರು ಒಮ್ಮೆ ಹೊಳ್ಳಿ ನನ್ನ ಮಾರಿ ನೋಡಲಿಲ್ಲ.”

ಮಾಲಾ ಕೇಳಿದಳು. “ಇಷ್ಟು ವರ್ಷ ತಡಕೊಂಡವ್ರು ಈಗ ಯಾಕ ಆಯಿ?”

“ಕಲ್ಲು ಬಂತಲ್ಲ. ಅದರ ಮ್ಯಾಲೆ ಏನ್ ಬರದಾರ ಅಂತ ಓದಿಸಿಕೊಂಡೆ. ಸುಳ್ಳು ಅದು. ರಾಜೇಸಾಬ ಅವತ್ತ ಆ ಹೊಲದಾಗ ಇರಲಿಲ್ಲ, ಗಾಡಿ ಮುಟ್ಟಿಲ್ಲ. ನಾ ಬುತ್ತಿ ಒಯ್ದಿದ್ದೆ. ರೊಟ್ಟಿ ಉಂಡು ಹೋಗಂದೆ. ಒಂದು ಸುತ್ತು ಹೊಡದು ಬರ್ತೇನಿ ಅಂದ. ಗಾಡಿ ಗೇರಿನ್ಯಾಗ ಇತ್ತು. ನೋಡಲಿಲ್ಲ. ದೊಡ್ಡ ಗಾಲಿ ಮುಂದ ನಿಂತು ಹಗ್ಗಾ ಎಳದ. ಗಾಡಿ ಹಾರಿ ಮ್ಯಾಲೆ ಬಂತು. ಯಾರೂ ಏನೂ ಮಾಡಿಲ್ಲ ಯವ್ವಾ. ಅವಸರ ಮಾಡಿದ, ಅಷ್ಟ.”

“ಅವಾಗ ಯಾರಿಗೂ ಹೇಳಲಿಲ್ಲೇನು?”

“ಸಂಘದ ಅಧ್ಯಕ್ಷರಿಗೆ ಹೇಳಿದೆ. ತಂಗಿ, ಇದು ನಿನ್ನ ಮನಿ ದುಃಖ ಅಷ್ಟ ಅಲ್ಲ, ಇದು ಜಗತ್ತಿನ ಹೋರಾಟ, ನೀ ಸುಮ್ಮಕಿರು ಅಂದರು. ಪೊಲೀಸರೂ ಬಂದಿದ್ರು. ಗಂಡಸರನ್ನ ಕರದು ಕೇಳಿ ಬರಕೊಂಡು ಹೋದರು. ಅಧ್ಯಕ್ಷರು ಜಗತ್ತು ಅಂದರು. ನಾ ಆ ಜಗತ್ತು ಎಲ್ಲಿ ಕಂಡೇನಿ? ಅಂಜಿದೆ. ಈಗ ರಾಜೇಸಾಬನ ಮೊಮ್ಮಗಳು ಈ ಓಣಿಗೆ ಬರಾಕ್ಹತ್ತಾಳ. ದಿನಾ ಆ ಕಲ್ಲು ದಾಟಿ ನೀರಿಗೆ ಹೋಗಬೇಕು. ಅಕಿನೂ ನನ್ನಂಗ ಬಾಯಿ ಮುಚ್ಚಿಕೊಂಡು ಇರಬೇಕೇನು? ಗಾಡೀನ ಇಲ್ಲಂದ್ರ ಕಲ್ಲೂ ನಿಲ್ಲಂಗಿಲ್ಲ ಅಂದಕೊಂಡೆ. ನಿಯಾಜನ ತೆಲಿಗೆ ಬರತೈತಿ ಅಂತ ಹೊಳೀಲಿಲ್ಲ.”

ಇನ್ಸ್‌ಪೆಕ್ಟರ್ ಮೊದಲ ಬಾರಿಗೆ ಮಾತಾಡಿದರು. “ಯವ್ವಾ, ಇಂಜಿನ್ ಯಾರು ಚಾಲೂ ಮಾಡಿದ್ರು?”

“ನಾನ ಮಾಡಿದೆ.”

“ನಡಿಸಿದವ್ರು?”

“ನಾನ.”

“ವೈನಿ, ಸಾಕು ಬಿಡ್ರಿ,” ಎಂಬ ದನಿ ಹಿಂದಿನಿಂದ ಕೇಳಿಸಿತು. ಬಾಬುಲಾಲ ಕಟ್ಟೆಯ ಕೆಳಗೆ ಬಂದು ನಿಂತಿದ್ದರು. ಇಂದ್ರಾಬಾಯಿಯನ್ನು ಅವರು ಅತ್ತಿಗೆ ಎನ್ನುವ ಹಾಗೆ ವೈನಿ ಎನ್ನುತ್ತಿದ್ದರು. “ನಾನು ರಿ ಸಾಹೇಬ್ರ. ಅಂಚು ಹರಿದು ಸ್ಟಿಯರಿಂಗ್ ಕಟ್ಟಿದ್ದು ವೈನಿ. ಉಳದದ್ದೆಲ್ಲ ನಾನು.”

“ಅದು ಚಾಲೂ ಆಗಂಗಿಲ್ಲ ಅಂತ ಊರೆಲ್ಲಾ ಹೇಳತೈತಿ.”

“ಆಗ್ತಿತ್ರಿ. ಆಗಂಗಿಲ್ಲ ಅಂತ ನಾನ ಹೇಳಿದ್ದೆ. ಖಂಡೇಪೂಜಿಗೆ ಅದು ಗುರ್ ಅಂದಾಗೆಲ್ಲ ವೈನಿ ಬಾಗಲಾ ಹಾಕೊಂಡು ಒಳಗ ಕುಂಡ್ರತಿದ್ರು. ಅದನ್ನ ನೋಡಾಕ ಆಗ್ತಿದ್ದಿಲ್ಲ. ಯಾರೂ ಇಲ್ಲದಾಗ ಹಗ್ಗಾ ಎಳದು, ಎಣ್ಣಿ ಹಾಕಿ ಜ್ವಾಪಾನ ಮಾಡಿದ್ದೆ. ನಮ್ಮ ಕೈಯಾಗಿನ ಗಾಡಿ ರಿ ಅದು.” ಅವರು ಖಾಲಿ ಶೆಡ್ಡಿನ ಕಡೆ ನೋಡಿದರು. “ಹಿಂದಿನ ವಾರ ಬಂದು, ಬಾಬು, ಇದನ್ನ ನನ್ನ ಕಣ್ಣ ಮುಂದಿಂದ ತಗದುಬಿಡು ಅಂದ್ರು. ಅಷ್ಟು ವರ್ಷದಾಗ ವೈನಿ ನನಗ ಕೇಳಿದ್ದು ಅದೊಂದ. ಸೋಮವಾರ ನಿಮ್ಮ ಮುಂದ ಹೇಳಾಕ ಬಂದಿದ್ದೆ. ನಿಯಾಜ ಅಲ್ಲ, ನನಗ ಗೊತ್ತೈತಿ ಅಂದೆ. ಎಲ್ಲಾರೂ ನಕ್ಕರು. ಆ ಮ್ಯಾಲೆ ಧೈರ್ಯ ಆಗಲಿಲ್ಲ.”

“ಹ್ಯಾಂಗ ಗೊತ್ತು ಅಂತ ನಾನು ಕೇಳಬೇಕಿತ್ತು ಸರ್,” ಎಂದರು ಆರಿಫ. ಇನ್ಸ್‌ಪೆಕ್ಟರ್ ಕಂಬಳಿಯಿಂದ ಎದ್ದರು.

ಕಳವು ಮತ್ತು ಆಸ್ತಿ ಹಾನಿಗಾಗಿ ಬಿಎನ್‌ಎಸ್ ಕಲಂ 305 ಮತ್ತು 324ರ ಅಡಿ ಇಬ್ಬರನ್ನೂ ಬಂಧಿಸಲಾಯಿತು. ಹೊರಡುವ ಮೊದಲು ಇನ್ಸ್‌ಪೆಕ್ಟರ್ ಜೀಪನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಎರಡೂ ಓಣಿಯ ಜನ ಸೇರಿದ್ದರು. ನಿಯಾಜ ಈ ಕಳವು ಮಾಡಿಲ್ಲ, ಅವನ ಮೇಲೆ ಪೊಲೀಸರಿಗೆ ಯಾವ ಸಂಶಯವೂ ಉಳಿದಿಲ್ಲ ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಮಾಡಿದವರ ಹೆಸರು ಹೇಳಿದರು.

ಕಾಂತು ಜೀಪಿನ ಬಾಗಿಲು ಹಿಡಿದ. “ದೊಡ್ಡವ್ವಾ, ಊರ ಮರ್‍ಯಾದಿ ಕಳದ್ಯಲ್ಲ.”

“ನಿಮ್ಮ ದೊಡ್ಡಪ್ಪ ಹ್ಯಾಂಗ ಸತ್ತ ಅಂತ ನೀ ನನ್ನ ಯಾವತ್ತರ ಕೇಳಿದೇನಪಾ?” ಎಂದರು ಇಂದ್ರಾಬಾಯಿ.

ಕಾಂತು ಬಾಗಿಲಿನಿಂದ ಕೈ ತೆಗೆದ. ಸಂಜೆ ಒಬ್ಬನೇ ಠಾಣೆಗೆ ಬಂದು ಫಿರ್ಯಾದಿ ವಾಪಸು ತೆಗೆದುಕೊಳ್ಳುತ್ತೇನೆಂದ. ಅದು ಇನ್ನು ಕೋರ್ಟಿಗೆ ಬಿಟ್ಟದ್ದು ಎಂದು ಆರಿಫ ತಿಳಿಸಿದರು. ಅವನು ಇಂದ್ರಾಬಾಯಿಯ ಹೇಳಿಕೆಯನ್ನು ಓದಿ ಹೇಳಲು ಕೇಳಿಕೊಂಡ. ಪೂರ್ತಿ ಕೇಳಿ, ಎದ್ದು ಹೋದ.

ಆ ಹೇಳಿಕೆಯನ್ನು ಆರಿಫ ಬರೆದುಕೊಂಡದ್ದನ್ನು ನೋಡಿ ಮಾಲಾ ಪೂರ್ತಿಯಾಗಿ ಬರೆದಿದ್ದಳು. 1974ರ ಸಂಗತಿಗೂ ಈ ಕಳವಿನ ಕೇಸಿಗೂ ಕಾನೂನಿನ ಲೆಕ್ಕದಲ್ಲಿ ಅಷ್ಟು ಸಂಬಂಧವಿರಲಿಲ್ಲ. ಆದರೂ ಒಂದು ಮಾತನ್ನೂ ಬಿಡಬೇಡ ಎಂದು ಇನ್ಸ್‌ಪೆಕ್ಟರ್ ಹೇಳಿದ್ದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಅವರೇ ಬರೆದರು: ‘ಆರೋಪಿ ನಂ. 1 ಇವರು ತಮ್ಮ ಗಂಡನ ಸಾವಿನ ನಿಜ ಸಂಗತಿಯನ್ನು ಹೇಳಲು ಐವತ್ತು ವರ್ಷ ಅವಕಾಶ ಸಿಗದೆ ಇದ್ದುದರಿಂದ.’ ಎರಡು ಸಲ ಓದಿ, ಹಾಗೇ ಬಿಟ್ಟರು.

ಜನವರಿ 24, ಶುಕ್ರವಾರ, ಇಬ್ಬರನ್ನೂ ಬಾಗೇವಾಡಿಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ವಯಸ್ಸು ನೋಡಿ ನ್ಯಾಯಾಲಯ ಜಾಮೀನು ಕೊಟ್ಟಿತು. ಜಾಮೀನುದಾರರು ಬೇಕಾಗಿತ್ತು. ರಷ್ಯಾ ಓಣಿಯಿಂದ ಯಾರೂ ಬಂದಿರಲಿಲ್ಲ. ಸಂಬಂಧ ಮುರಿಯಬೇಕೋ ಬೇಡವೋ ಎಂದು ಅಲ್ಲಿ ಹಿರಿಯರು ಇನ್ನೂ ಕೂತಿದ್ದರು. ಆಸಿಫ ಒಬ್ಬನೇ ಅಂಗಳದಲ್ಲಿ ನಿಂತಿದ್ದ. ಅವನ ಹೆಸರಿನಲ್ಲಿ ಹೊಲವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಿಯಾಜ ತನ್ನ ಹೊಲದ ಪಹಣಿ ಉತಾರ ಹಿಡಿದುಕೊಂಡು ಬಂದ. ಜೊತೆಗೆ ಮೆಹರುನ್ನಿಸಾ, ಅವರ ಹಿಂದೆ ಬುಶ್ರಾ. ಆ ಹುಡುಗಿ ನೆಟ್ಟಗೆ ಹೋಗಿ ಇಂದ್ರಾಬಾಯಿಯ ಪಕ್ಕ ಬೆಂಚಿನ ಮೇಲೆ ಕುಳಿತಳು. ಅಜ್ಜಿ ಅವಳ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಗುಮಾಸ್ತರು ಜಾಮೀನು ಕಾಗದ ತುಂಬಿಸುತ್ತ ನಿಯಾಜನನ್ನು ಕೇಳಿದರು. “ಬಾಬುಲಾಲ. ನಿಮಗ ಏನಾಗ್ಬೇಕು?”

“ಬೀಗರು ರಿ.”

ಆಸಿಫ ಬಾಗಿಲಲ್ಲಿ ಇದನ್ನು ಕೇಳಿ ಮುಖ ಆಚೆ ತಿರುಗಿಸಿಕೊಂಡ. ಗುಮಾಸ್ತರು ಬರೆದುಕೊಂಡರು.

“ಈ ಇಂದ್ರಾಬಾಯಿ?”

ನಿಯಾಜ ಬೆಂಚಿನ ಕಡೆ ನೋಡಿದ. “ನಮ್ಮ ದಾದಾನ ಸಾಕ್ಷಿ ರಿ.”

“ಸಾಕ್ಷಿ ಅಂತ ಬರಿಯಾಕ ಬರಂಗಿಲ್ಲ ತಮ್ಮಾ. ಸಂಬಂಧ ಏನು ಅಂತ ಹೇಳು.”

ನಿಯಾಜ ಕೈಯಲ್ಲಿದ್ದ ಉತಾರವನ್ನು ಮಡಚಿದ, ಮತ್ತೆ ಬಿಚ್ಚಿದ. ಗುಮಾಸ್ತರಿಗೆ ಊಟದ ಹೊತ್ತಾಗಿತ್ತು. ಅವರೇ ‘ಒಂದೇ ಊರಿನವರು’ ಎಂದು ಬರೆದು, ಅವನ ಸಹಿ ತೆಗೆದುಕೊಂಡರು.